ಹೆಮ್ಮಿಗೆಯ ಕೊಟ್ಟಿಗೆಯಲ್ಲಿ

“ಮಗನನ್ನು ಕೊಂದವನಿಗೆ ಆಗಿರುವ ಶಿಕ್ಷೆ ನಿಮಗೆ ತೃಪ್ತಿ ತಂದಿದೆಯೇ?”

ಹೆಮ್ಮಿಗೆಯ ಕೊಟ್ಟಿಗೆಯೊಂದರಲ್ಲಿ ನಿಂತು, ಹಾಲು ಕರೆಯುತ್ತಿದ್ದ ಚಿಕ್ಕತಾಯಮ್ಮನಿಗೆ ಪ್ರಶ್ನಾವಳಿಯ ಮೊದಲ ಪ್ರಶ್ನೆ ಓದಿದೆ. ನಾನು ಕಾನೂನು ಕಾಲೇಜಿನ ಅಧ್ಯಾಪಕಿ. ಗಲ್ಲೋ ಜೀವಾವಧಿಯೋ ಎಂಬ ವಿಚಾರ ಸಂಕಿರಣಕ್ಕೆ ಪ್ರಬಂಧ ಬರೆಯುತ್ತಿದ್ದೆ. ಗದ್ದೆಗೆ ನಾಲೆ ನೀರು ತಿರುಗಿಸುವ ಸರದಿಯ ಜಗಳದಲ್ಲಿ ಚಿಕ್ಕತಾಯಮ್ಮನ ಮಗನನ್ನು ಪಕ್ಕದ ಮನೆಯವನು ಕಡಿದು ಜೈಲಿಗೆ ಹೋಗಿದ್ದ. ಆಕೆ ಹಾಲು ಕರೆಯುತ್ತಲೇ ಇದ್ದರು.

ಮಾತು ಬದಲಿಸಲು, “ಹಸು ಚೆನ್ನಾಗಿದೆ, ನಿಮ್ಮದಾ?” ಎಂದೆ.

“ನಮ್ದಲ್ಲ ಕಣವ್ವ, ಜೈಲಿಗೋದ್ನಲ್ಲ, ಅವ್ನ ಮನೇದು. ಅವರವ್ವಂಗೆ ಲಕ್ವ ಒಡ್ದು ಕೈ ಬಿದ್ದೋಗದೆ. ಕೆಚ್ಚಲು ಬಿಗ್ಕಂಡು ಅದು ಅರಚ್ತಾ ಇದ್ರೆ ಕೇಳ್ಕಂಡು ಕೂರಕ್ಕಾದದಾ?”

ಅಷ್ಟರಲ್ಲಿ ಕೊಟ್ಟಿಗೆಗೆ ಅಂಟಿಕೊಂಡ ಮನೆಯೊಳಗಿನಿಂದ ಮುದುಕಿಯೊಬ್ಬಳ ತೊದಲು ದನಿ ಕೇಳಿತು: “ಯಾರಮ್ಮಿ ಬಂದೋರು? ನನ್ ಮಗನಾ?”

ಚಿಕ್ಕತಾಯಮ್ಮ ಒಳಗೆ ಕೇಳುವಂತೆ ದನಿ ಎತ್ತಿದರು: “ಅಲ್ಲ ಕಣಕ್ಕ. ಇನ್ನೂ ಬಂದಿಲ್ಲ.”

ಉಳಿದ ಪ್ರಶ್ನೆಗಳನ್ನು ನಾನು ಕೇಳಲಿಲ್ಲ. ಮೊದಲನೆಯದನ್ನು ಕೇಳಿದ್ದಕ್ಕೇ ಇವತ್ತಿಗೂ ನಾಚಿಕೆಯಾಗುತ್ತದೆ. ತರಗತಿಯಲ್ಲಿ ಈಗಲೂ ಬೋರ್ಡಿನ ಈಚೆ ಸತ್ತವನ ಕಡೆಯವರು, ಆಚೆ ಕೊಂದವನ ಕಡೆಯವರು ಎಂದು ಬರೆಯುತ್ತೇನೆ. ನಡುವೆ ಗೆರೆ ಎಳೆಯಲು ಮಾತ್ರ ಕೈ ಏಳುವುದಿಲ್ಲ.