ಇಲಿಬಾಲದ ಉದಾಹರಣೆ

ಹನುಮಂತನಗರದ ಹುಡುಗಿಯರಾದ ನಾವು ಸಂಜೆಯಾದರೆ ಗುಡ್ಡದ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದ ಕಾಲವದು. ಓದು ಬರೀ ನೆಪ. ದೊನ್ನೆಯಲ್ಲಿನ ಪುಳಿಯೋಗರೆ ಖಾಲಿಯಾಗದೆ ಪುಸ್ತಕ ತೆರೆಯುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನ ಅಲಂಕಾರಗಳೆಂದರೆ ನನಗೆ ತಲೆನೋವು. ಉಪಮೇಯ, ಉಪಮಾನ ಎರಡನ್ನೂ ಅದಲುಬದಲು ಮಾಡಿ ಬೈಸಿಕೊಳ್ಳುತ್ತಿದ್ದೆ.

ಬಿಡಿಸಿ ಹೇಳಿಕೊಟ್ಟವಳು ನನ್ನ ಬೆಂಚಿನ ಶೋಭಾ. ಅವಳಮ್ಮ ಅದೇ ಮೆಟ್ಟಿಲ ಬುಡದಲ್ಲಿ ಹೂ ಮಾರುತ್ತಿದ್ದರು.

"ನಿಮ್ಮಮ್ಮನ ಇಡ್ಲಿ ಮಲ್ಲಿಗೆಯಂತೆ ಮೆತ್ತಗಿದೆ. ಯಾವ್ದರ ಬಗ್ಗೆ ಹೇಳ್ತಿದೀವಿ?"

"ಇಡ್ಲಿ."

"ಅದೇ ಉಪಮೇಯ ಕಣೇ. ಯಾವ್ದಕ್ಕೆ ಹೋಲಿಸಿದ್ವಿ?"

"ಮಲ್ಲಿಗೆಗೆ."

"ಅದು ಉಪಮಾನ. 'ಅಂತೆ' ವಾಚಕ ಪದ. ಎರಡ್ರಲ್ಲೂ ಇರೋ ಮೆತ್ತಗೆ, ಸಮಾನ ಧರ್ಮ. ಮುಗೀತು!"

ಆ ವರ್ಷ ಟೈಫಾಯ್ಡ್ ಬಂದು ಶೋಭಾಳ ಕೂದಲೆಲ್ಲ ಉದುರಿತ್ತು. ದಪ್ಪ ಜಡೆಯಿದ್ದ ಕಡೆ ಬೆರಳಿನ ಗಾತ್ರದ್ದು ಉಳಿದಿತ್ತು. ಎಲ್ಲದಕ್ಕೂ ನಗುತ್ತಿದ್ದವಳು ಜಡೆಯ ಮಾತು ಬಂದರೆ ಸುಮ್ಮನಾಗುತ್ತಿದ್ದಳು. ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಹೊಸದಾಗಿ ಬಂದ ಕನ್ನಡ ಮೇಡಂ ಒಂದು ಪದ್ಧತಿ ಇಟ್ಟಿದ್ದರು. ಒಬ್ಬರು ಸ್ವಂತ ಉದಾಹರಣೆ ಹೇಳಬೇಕು, ಇನ್ನೊಬ್ಬರು ಬೋರ್ಡಿನ ಮೇಲೆ ಅದನ್ನು ನಾಲ್ಕು ಭಾಗ ಮಾಡಬೇಕು. ನನ್ನ ಸರದಿ ಬಂತು. ಸದಾ ತಪ್ಪು ಹೇಳಿ ನಗೆಪಾಟಲಾಗುತ್ತಿದ್ದ ನನಗೆ ಒಂದು ಸಲವಾದರೂ ಹಿಂದಿನ ಬೆಂಚನ್ನು ನಾನೇ ನಗಿಸಬೇಕೆನ್ನಿಸಿತು.

"ನನ್ನ ಗೆಳತಿಯ ಜಡೆ ಇಲಿಬಾಲದಂತೆ ಸಣ್ಣಗಿದೆ," ಎಂದೆ.

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಪಾಪ, ಮೇಡಂಗೆ ಅರ್ಥವಾಗಲಿಲ್ಲ.

"ಭೇಷ್! ಶೋಭಾ, ಬಾಮ್ಮ, ನೀನು ಬಿಡಿಸಿ ಬರಿ."

ಅವಳು ಎದ್ದು ಹೋದಳು. ಬೋರ್ಡಿನ ಕಡೆ ತಿರುಗಿದ್ದರಿಂದ ಆ ಜಡೆ ನಮ್ಮೆಲ್ಲರ ಕಣ್ಣೆದುರಿಗೇ ಇತ್ತು. ಉಪಮೇಯ: ಗೆಳತಿಯ ಜಡೆ. ಉಪಮಾನ: ಇಲಿಬಾಲ. ನಾಲ್ಕನ್ನೂ ದುಂಡು ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಬರೆದು, ಕೈಯ ಸೀಮೆಸುಣ್ಣ ಕೊಡವಿ ಬಂದು ಕೂತಳು. ನನ್ನ ಕಡೆ ನೋಡಲಿಲ್ಲ.

ಸಂಜೆ ಮೆಟ್ಟಿಲ ಹತ್ತಿರ ಅವಳಿರಲಿಲ್ಲ. ಅವಳಮ್ಮ ಏನೂ ತಿಳಿಯದೆ ಒಂದು ತುಂಡು ಕನಕಾಂಬರ ನನ್ನ ಕೈಗಿಟ್ಟರು.

"ಅವ್ಳಿಗೆ ತಲೆನೋವಂತೆ ಪುಟ್ಟಿ. ತಗೋ, ನಿಂಗೆ ಅಂತ ಬೆಳಿಗ್ಗೇನೇ ಎತ್ತಿಡ್ಸಿದ್ಳು."

ತಗೊಂಡೆ. ಅದನ್ನು ಮುಡಿಯಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ. ಮರುದಿನ ಶೋಭಾ ಬೇರೆ ಬೆಂಚಿನಲ್ಲಿದ್ದಳು. ತಪ್ಪಾಯ್ತು ಎನ್ನಲು ಶಾಲೆ ಮುಗಿಯುವವರೆಗೂ ಸಮಯವಿತ್ತು. ಇವತ್ತು ಬೇಡ, ನಾಳೆ ಎಂದುಕೊಂಡೇ ಅದನ್ನು ಕಳೆದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೊನ್ನೆ ಗಿರಿನಗರದ ನಮ್ಮ ಮನೆಯಲ್ಲಿ ಮಗಳಿಗೆ ಉಪಮಾಲಂಕಾರ ಹೇಳಿಕೊಡುತ್ತಿದ್ದೆ. ಬಾಯಿಗೆ ಬಂದದ್ದು ಅದೇ ಇಡ್ಲಿ, ಅದೇ ಮಲ್ಲಿಗೆ.

"ಸಖತ್ ಈಸಿ ಅಮ್ಮ! ನಿಂಗ್ಯಾರು ಹೇಳ್ಕೊಟ್ಟಿದ್ದು?"

ನನ್ನ ಗೆಳತಿ ಎನ್ನಲು ಹೋದೆ.

"ನಮ್ ಕ್ಲಾಸಲ್ಲಿ ಒಬ್ಳು ಹುಡುಗಿ ಇದ್ಳು," ಎಂದೆ.