ಸಾಲು ಬಿಡಿಸಿದ ಮೂಕಪ್ಪ

ಅಡಿಕೆ ವ್ಯಾಪಾರದವನಿಗೆ ಮನುಷ್ಯರನ್ನೂ ದರ್ಜೆ ಹಾಕಿ ನೋಡುವ ಕೆಟ್ಟ ಚಾಳಿ. ಜಗಳೂರು ಕಡೆಯ ಮೂಕಪ್ಪನನ್ನು ಮೊದಲು ಕಂಡಾಗ ಅವನನ್ನು ನಾನು ಗೊರಬಲಿಗೆ ಹಾಕಿದ್ದೆ; ಅಂದರೆ ಒಳ್ಳೆಯದನ್ನೆಲ್ಲ ಆರಿಸಿದ ಮೇಲೆ ಚೀಲದ ತಳದಲ್ಲಿ ಉಳಿಯುವ ಮಾಲಿಗೆ. ಆಳು ಸಣಕಲು. ಬಲಗಿವಿಯ ಅರ್ಧವನ್ನು ಯಾವುದೋ ಹಂದಿ ಕೊಂಡೊಯ್ದಿತ್ತು. ಮೊಣಕಾಲಿನ ಕೆಳಗೆ ಮುಳ್ಳು ಗೀರದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ಹೆಗಲ ಮೇಲಿನ ಕಂಬಳಿಯೊಂದೇ ಬೆಲೆಬಾಳುವಂಥದ್ದು ಅನ್ನಿಸಿ, ಅದನ್ನು ಎಲ್ಲಿ ನೇಯಿಸಿದ್ದು ಎಂದು ಕೇಳಿದೆ.

"ಕಂಬ್ಳಿ ಕೊಡಾಕಿಲ್ಲ ಸಾವ್ಕಾರ್ರೆ. ಬೇಕಾರೆ ನನ್ನ ಕೊಂಡ್ಕಂಡು ಹೋಗ್ರಿ, ಅಗ್ಗಕ್ಕೆ ಬರ್ತೀನಿ" ಎಂದ.

ನನ್ನ ಕಣ್ಣು ಎಲ್ಲೆಲ್ಲಿ ಓಡಾಡುತ್ತಿದೆ ಎಂಬುದು ಅವನಿಗೆ ತಿಳಿದುಹೋಗಿತ್ತು. ಒಂದು ದರ್ಜೆ ಮೇಲಕ್ಕೆ ಏರಿಸಿದೆ.

ಅದು ಮೂವತ್ತೆಂಟನೆಯ ಇಸವಿ. ನನ್ನ ಅಂಗಡಿ ನ್ಯಾಮತಿಯಲ್ಲಿ. ಹೊಸದಾಗಿ ಕೈಹಿಡಿದ ಕಸ್ತೂರಮ್ಮನ ತವರು ಜಗಳೂರು. ಮಾವನ ಮನೆಯವರೆದುರು ಇಳಿಯಲಿಕ್ಕೆಂದೇ ಒಂದು ಹಳೆಯ ಕಾರು ಕೊಂಡಿದ್ದೆ. ಅದನ್ನು ಓಡಿಸಲು ಪಾಪಣ್ಣ ಎಂಬವನಿದ್ದ. ದಾವಣಗೆರೆಯಿಂದ ಜಗಳೂರಿಗೆ ಹೋಗುವಾಗ ನಡುವೆ ಸರ್ಕಾರಿ ದನಗಳು ಮೇಯುವ ಕಾವಲು ಸಿಗುತ್ತದೆ. ಕಣ್ಣು ಹರಿದಷ್ಟು ದೂರ ಒಣಹುಲ್ಲು, ತಂಗಡಿ ಗಿಡ, ಕಾರೆಮುಳ್ಳು. ಅದರ ಅಂಚಿನಲ್ಲಿ ಮೂಕಪ್ಪನ ಮನೆ, ಕುರಿಹಟ್ಟಿ, ಏಳೆಂಟು ನಾಯಿ.

ಯುಗಾದಿಯ ಮರುದಿನ ಅಲ್ಲಿ ಊರಬೇಟೆ. ನಮ್ಮ ಕಾರು ಹೋದ ಹೊತ್ತಿಗೆ ಹಂದಿ ಕಡಿದು ಪಾಲು ಹಾಕುತ್ತಿದ್ದರು. ಬಲೆಗೊಂದು ಪಾಲು, ನಾಯಿಗಳಿಗೊಂದು ಪಾಲು, ಕಡಿಯುವ ಹೊತ್ತಿಗೆ ದಾರಿಯಲ್ಲಿ ಯಾರು ಬಂದರೂ ಅವರಿಗೊಂದು ಪಾಲು. ಮುತ್ತುಗದ ಎಲೆಯಲ್ಲಿ ನನ್ನದೂ ಬಂತು. ಬೇಡ ಎಂದರೆ ಅವಮಾನ. ಮುಟ್ಟಿದರೆ ನನ್ನ ಮನೆಯೊಳಗೆ ನನಗೇ ಜಾಗವಿಲ್ಲ.

"ಮೂಕಪ್ಪ, ನಾವು ಲಿಂಗ ಕಟ್ಟಿದೋರು..."

"ತಿನ್ರಿ ಅಂದ್ನಾ? ಪಾಲು ಬ್ಯಾಡ ಅನ್ನಬ್ಯಾಡ್ರಿ, ಅಷ್ಟೆ." ಕಾರನ್ನು ಒಂದು ಸುತ್ತು ಹಾಕಿದ. "ಇದೇನು ತಿಂತೈತೆ?"

"ಪೆಟ್ರೋಲು."

"ಹಂಗಾರೆ ಇದಕ್ಕೂ ಬ್ಯಾಡ. ಇದ್ನ ಓಡ್ಸೋನಿಗೆ ಹೋಗ್ಲಿ."

ಅಲ್ಲಿಯವರೆಗೂ ಮುಗಿಲು ನೋಡುತ್ತ ಸನ್ಯಾಸಿಯಂತೆ ನಿಂತಿದ್ದ ಪಾಪಣ್ಣ ಎರಡೂ ಕೈ ಚಾಚಿದ.

ಅಂದಿನಿಂದ ಹೋಗುವಾಗ ಬರುವಾಗ ಅಲ್ಲಿ ನಿಲ್ಲುವುದು ರೂಢಿಯಾಯಿತು. ಮೂಕಪ್ಪನ ಹೆಂಡತಿ ತಿಪ್ಪಮ್ಮ ನನಗಾಗಿ ಒಂದು ಹೊಸ ಮಡಿಕೆ ತಂದು ಬೇರೆ ನೆಲುವಿಗೆ ಕಟ್ಟಿಟ್ಟಳು. "ಇದು ಬಾಡಿನ ಮಡಿಕೆ ಅಲ್ಲ ಕಣ್ರೀ, ನಿಮ್ದೇ" ಎಂದು ಅದರಲ್ಲಿ ನವಣೆ ಅನ್ನ ಮಾಡಿ ಮಜ್ಜಿಗೆ ಸುರಿಯುವಳು. ನಾನು ಉಣ್ಣುವಾಗ ಮೂಕಪ್ಪ ಎದುರು ಕೂತು, ಮೊಲವನ್ನು ಹೇಗೆ ಸುಡಬೇಕು, ಬೆಳ್ಳುಳ್ಳಿ ಕಾರ ಯಾವಾಗ ಸವರಬೇಕು ಎಂದು ವರ್ಣಿಸುವನು. ಬಾಗಿಲಲ್ಲಿ ಪಾಪಣ್ಣ ಜೊಲ್ಲು ನುಂಗುವನು. ಮಾಂಸ ಮುಟ್ಟದವನಿಗೆ ಇಷ್ಟು ಹೊತ್ತು ಮಾಂಸ ಮಾರಿದವರನ್ನು ನಾನು ಬೇರೆ ಕಂಡಿಲ್ಲ.

ಮೂಕಪ್ಪನೇ ಸುತ್ತಲ ಮೂರು ಊರಿನ ಬೇಟೆಗೆ ಮುಂದಾಳು. ಕೋವಿ ಇಲ್ಲ, ಬಲೆ, ಈಟಿ, ನಾಯಿ. ಅವನ ಅಪ್ಪ, ಅಜ್ಜ ನಿಂತಿದ್ದ ಜಾಗ. ಯುಗಾದಿಯ ಮರುದಿನ ಕೆಂಪು ರುಮಾಲು ಸುತ್ತಿ ಸಾಲಿನ ಮುಂದೆ ನಿಂತನೆಂದರೆ, ವರ್ಷವಿಡೀ ಅವನನ್ನು ಗದರುವ ಗೌಡರೂ ಅವನ ಕಣ್ಸನ್ನೆಗೆ ಕಾಯುತ್ತಿದ್ದರು. ಬಡವನಿಗೆ ಇದ್ದ ಆಸ್ತಿಯೆಂದರೆ ಆ ಒಂದು ದಿನ. ಅದಕ್ಕೊಂದು ಕಟ್ಟು ಇತ್ತು: ಬಲೆ ಕಟ್ಟಿದ ಮೇಲೆ ಪ್ರಾಣಿ ಬೀಳುವವರೆಗೆ ಯಾರೂ ಸಾಲು ಬಿಡುವಂತಿಲ್ಲ. ಮುಂದಾಳೇ ಸಾಲು ಬಿಡಿಸಿದರೆ ಆ ಜಾಗ ಅವನಿಗೆ ಮತ್ತೆ ಸಿಗುವುದಿಲ್ಲ.

ನಲವತ್ತಮೂರರಲ್ಲಿ ಯುದ್ಧ ಜೋರಾಗಿತ್ತು. ಪೆಟ್ರೋಲು ಸಿಗದೆ ನನ್ನ ಕಾರಿನ ಬೆನ್ನಿಗೆ ಇದ್ದಿಲ ಗ್ಯಾಸಿನ ಹಂಡೆ ಬಂದು ಕೂತಿತ್ತು. ಏರು ಕಂಡರೆ ಅದು ಮುದಿ ಎತ್ತಿನಂತೆ ನಿಲ್ಲುತ್ತಿತ್ತು. ಆ ಯುಗಾದಿಗೆ ಕಸ್ತೂರಮ್ಮ ಹೆರಿಗೆಗೆಂದು ತವರಿನಲ್ಲಿದ್ದಳು; ಹಬ್ಬಕ್ಕೆ ನಾನೂ ಅಲ್ಲಿಗೆ ಹೋಗಿದ್ದೆ. ಎಷ್ಟೋ ವರ್ಷ ಕಾದ ಮೇಲೆ ನಿಂತ ಬಸಿರು. ನೋವು ಹತ್ತಿತು, ಕೂಸು ಇಳಿಯಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಸೂಲಗಿತ್ತಿ, "ಇನ್ನು ನನ್ ಕೈಲಿ ಆಗಾಕಿಲ್ಲ, ದಾವಣಗೆರೆಗೆ ಒಯ್ರಿ" ಎಂದಳು. ಹಿಂದಿನ ಸೀಟಿನಲ್ಲಿ ಅತ್ತೆ ಕೊಟ್ರಮ್ಮನ ತೊಡೆಯ ಮೇಲೆ ಅವಳನ್ನು ಮಲಗಿಸಿ ಹೊರಟೆವು.

ಕಾವಲಿನ ನಡುವೆ ಒಣಹಳ್ಳ. ಅದರ ಮರಳಿನಲ್ಲಿ ಚಕ್ರ ಹೂತು ಕಾರು ನಿಂತಿತು. ಪಾಪಣ್ಣ ಹಂಡೆಯ ಫ್ಯಾನು ತಿರುಗಿಸಿ ತಿರುಗಿಸಿ ಬೆವೆತ. ನಾನು ತಳ್ಳಿದೆ. ಅತ್ತೆಯೂ ಇಳಿದು ತಳ್ಳಿದರು. ತಲೆಯೆತ್ತಿದಾಗ ಕಂಡಿತು: ದಡದುದ್ದಕ್ಕೂ ಬಲೆ, ಪೊದೆಗೊಬ್ಬ ಮನುಷ್ಯ, ಕೈಯಲ್ಲಿ ಈಟಿ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ, ಒಬ್ಬನೂ ಅಲುಗುತ್ತಿಲ್ಲ. ಬೈಯಲು ಬಾಯಿ ತೆರೆದವನಿಗೆ ಆ ದಿನ ಯಾವುದೆಂದು ನೆನಪಾಯಿತು.

ಒಳಗೆ ಕಸ್ತೂರಮ್ಮ ಚೀರಿದಳು.

ಪೊದೆಯ ಹಿಂದಿನಿಂದ ಕೆಂಪು ರುಮಾಲು ಎದ್ದಿತು. ಊರಿನ ಹಿರಿಯ ತಿಪ್ಪೇಶಪ್ಪ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ಮೂಕಾ, ಕುಂದ್ರು! ಹಂದಿ ಇಲ್ಲೇ ಐತೆ."

"ಗೊತ್ತೈತೆ ಮಾವ."

"ಎದ್ದು ಹೋದ್ರೆ ಮತ್ತೆ ಮುಂದೆ ನಿಂದ್ರಾಕೆ ಆಗಲ್ಲ. ನಿಮ್ಮಪ್ಪನ ಜಾಗ ಅದು."

"ನಮ್ಮಪ್ಪ ಸತ್ತು ಬಾಳ ದಿನ ಆತು. ಆ ತಾಯಿ ಇನ್ನೂ ಜೀವ ಹಿಡ್ಕಂಡೈತೆ." ಆಮೇಲೆ ಹಳ್ಳವೆಲ್ಲ ಅದುರುವಂತೆ ಕೂಗಿದ: "ಬಲೆ ಬಿಚ್ರೋ! ಎಲ್ಲಾ ಇಳೀರಿ!"

ಬಲೆ ಕೆಳಗೆ ಬಿದ್ದದ್ದೇ ತಡ, ಪೊದೆಯಿಂದ ಕರುವಿನ ಗಾತ್ರದ ಹಂದಿಯೊಂದು ಹೊರಬಿದ್ದು, ಹೊಲ ನೋಡಿಬರಲು ಹೊರಟ ಜಮೀನ್ದಾರನಂತೆ ಅವಸರವಿಲ್ಲದೆ ನಡೆದುಹೋಯಿತು. ಯಾರೂ ಅದರ ಹಿಂದೆ ಹೋಗಲಿಲ್ಲ. ಬಿಚ್ಚಿದ ಬಲೆಗಳನ್ನೇ ಮಡಿಸಿ ಚಕ್ರದ ಕೆಳಗೆ ಹಾಸಿದರು. ಮೂರೂರಿನ ಗಂಡಸರು ಹೆಗಲು ಕೊಟ್ಟರು. ನಾನೂ ನುಗ್ಗಿದೆ.

"ನೀವು ಹತ್ತಿ ಕುಂದ್ರಿ ಸಾವ್ಕಾರ್ರೆ" ಎಂದ ಮೂಕಪ್ಪ. "ನೀವು ತಳ್ಳಿದ್ರೆ ಖಾಲಿ ಚೀಲಾನೂ ಅಲ್ಲಾಡಾಕಿಲ್ಲ."

ಬಲೆಗಳು ಪರಪರ ಹರಿದವು. ಕಾರು ದಡ ಹತ್ತಿತು, ಇಳಿಜಾರಿನಲ್ಲಿ ಎಂಜಿನ್ನು ಹತ್ತಿಕೊಂಡಿತು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯ ಡಾಕ್ಟರಮ್ಮ ಆಮೇಲೆ ಹೇಳಿದರು.

ಬಾಣಂತಿ ಎದ್ದು ಓಡಾಡುವಂತಾದ ಮೇಲೆ ಅಕ್ಕಿ, ಬೆಲ್ಲ, ಬಲೆಗೆ ಬೇಕಾದ ಸೆಣಬಿನ ಹುರಿ ಹೇರಿಕೊಂಡು ಹೋದೆ. ಮೂಕಪ್ಪ ಹುರಿ ಮಾತ್ರ ಇಳಿಸಿಕೊಂಡ. "ಬಲೆ ಊರಂದು, ಅದಕ್ಕೆ ತಗಂತೀನಿ. ಉಳಿದದ್ದು ಒಯ್ರಿ. ಕೂಸು ಯಾರಂಗೈತೆ? ನಿಮ್ಮಂಗಿದ್ರೆ ಸಾಕಾದು ಕಷ್ಟ ಐತೆ."

ತಿಪ್ಪೇಶಪ್ಪನ ಬಳಿ ಹೋಗಿ, ಅವನ ಜಾಗ ಅವನಿಗೆ ಬಿಡಿ ಎಂದು ಕೇಳಿಕೊಂಡೆ. ಚೌಕಾಶಿಯಲ್ಲಿ ನನಗೆ ಹೆಸರಿದೆ, ಅಲ್ಲಿ ನಡೆಯಲಿಲ್ಲ.

"ಕಟ್ಟು ಅಂದ್ರೆ ಕಟ್ಟು ಸಾವ್ಕಾರ್ರೆ" ಎಂದ ಮುದುಕ. "ಅವ್ನು ಮಾಡಿದ್ದು ತಪ್ಪು ಅಂತ ನಾವ್ಯಾರೂ ಅಂದಿಲ್ಲ. ಅವನಿದ್ದ ಜಾಗದಾಗೆ ನಾನಿದ್ರೆ ಏಳ್ತಿದ್ದೆ ಅಂತ ಹೇಳಾಕೆ ನನಗೆ ಧೈರ್ಯ ಇಲ್ಲ."

ಮುಂದಿನ ಯುಗಾದಿಗೆ ಬೇಟೆ ನೋಡಲು ನಾನೇ ಹೋದೆ. ಮುಂದೆ ಬೇರೊಬ್ಬ ನಿಂತಿದ್ದ. ಮೂಕಪ್ಪ ಸಾಲಿನ ಕೊನೆಯಲ್ಲಿ, ಬರಿತಲೆಯಲ್ಲಿ, ನಾಯಿಗಳ ಹಗ್ಗ ಹಿಡಿದುಕೊಂಡು.

"ಹಿಂದೆ ನಿಂತ್ರೆ ಬಾಳ ಸುಖ ಕಣ್ರೀ" ಎಂದು ನಕ್ಕ. "ಹಂದಿ ತಪ್ಪಿಸ್ಕಂಡ್ರೆ ಬೈಗುಳ ಮುಂದಿನೋನಿಗೆ."

ಕೊಂಬು ಊದಿದಾಗ ಅವನ ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಹೋಯಿತು. ಆಮೇಲೆ ನೆನಪಾಗಿ ಹಿಂದಕ್ಕೆ ಬಂದು ತನ್ನ ಜಾಗದಲ್ಲಿ ನಿಂತ. ನಾನು ನೋಡಿದೆನೆಂದು ತಿಳಿದು, ನಾಯಿಯೊಂದನ್ನು ಸುಮ್ಮನೆ ಗದರಿದ.

ಅವನು ಮತ್ತೆಂದೂ ಮುಂದೆ ನಿಲ್ಲಲಿಲ್ಲ. ನನ್ನ ಹೆಂಡತಿ ಕಸ್ತೂರಮ್ಮ, ನನ್ನ ಮಗಳು ಶಂಕರಮ್ಮ ಇವತ್ತು ಬದುಕಿರುವುದು ಮೂಕಪ್ಪನಿಂದ. ಆ ಋಣ ನನ್ನ ಮೇಲಿದೆ. ತೀರಿಸಲು ನನ್ನಿಂದ ಆಗಿಲ್ಲ.