ಮುಳ್ಳಿನಿಂದ ಸೆರಗು ಬಿಡಿಸಿದ ತೋಳ

ಅಂದೂ ಎಂದಿನಂತೆ ನಾನು ಶಾಲೆಯಲ್ಲಿ ಭಾಗಾಕಾರ ಹೇಳಿಕೊಡುತ್ತಿದ್ದೆ. ಇಳಕಲ್ಲಿನ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದ ನಮ್ಮ ಯಜಮಾನರು ಮತ್ತೆ ಏಳಲಿಲ್ಲ. ಅವರ ಧ್ವನಿ ಉಳಿದದ್ದು ಒಂದೇ ಕಡೆ. ಗೆಳೆಯರೆಲ್ಲ ಸೇರಿ ಬಾದಾಮಿಯ ಬಂಡೆಗಳ ನಡುವೆ ನಾಲ್ಕೇ ದಿನದಲ್ಲಿ ತೆಗೆದ ಸಿನಿಮಾದಲ್ಲಿ, ಹುಣ್ಣಿಮೆಗೆ ತೋಳವಾಗುವ ಮನುಷ್ಯನಾಗಿ, ಅವರು ಕಂಬಳಿ ಹೊದ್ದು ಊಳಿಟ್ಟಿದ್ದರು.

ಅದರ ಸಿ.ಡಿ. ಹುಡುಕಿಕೊಂಡು ಬಾಗಲಕೋಟೆಯ ಬಾಡಿಗೆ ಅಂಗಡಿಗೆ ಹೋದೆ.

"ಅದು ಬ್ಯಾಡ್ರಿ ಅಕ್ಕಾರ. ಒಯ್ದವ್ರೆಲ್ಲಾ ಬೈದು ತಂದು ಒಗದಾರ," ಎಂದ ಅಂಗಡಿಯವ.

"ಏನಂತ ಬೈದ್ರು?"

ಬೆಂಚಿನ ಮೇಲಿದ್ದ ಗಿರಾಕಿ ನಕ್ಕ. "ಅದೆಂಥಾ ತೋಳರೀ! ಓಡೋ ಹುಡಿಗಿ ಸೆರಗು ಜಾಲಿ ಮುಳ್ಳಿಗೆ ಸಿಗತೈತಿ. ಪರ್ ಅಂತ ಹರದು ಮ್ಯಾಲೆ ಬೀಳೂದು ಬಿಟ್ಟು, ತೋಳ ಕುಂತು ಮೆತ್ತಗ ಒಂದೊಂದ ಮುಳ್ಳು ಬಿಡಸ್ತೈತಿ! ಆಮ್ಯಾಲ ಕುತಗಿಗೆ ಬಾಯಿ ಹಾಕ್ತೈತಿ!"

"ನನಗ ಅದ ಬೇಕು. ಬಾಡಿಗಿಗಲ್ಲ, ಕಾಯಂ."

"ಬ್ಯಾರೆ ಚಲೋವು ಅದಾವಲ್ರಿ."

"ಇರ್ಲಿ. ಅದನ್ನ ಕೊಡ್ರಿ."

ಮೂರು ಸಲ ಹೇಳಿದ ಮೇಲೆ ಧೂಳು ಒರೆಸಿ ಕೊಟ್ಟ. ಮನೆಗೆ ಬಂದು ಕೊನೆಯವರೆಗೂ ನೋಡಿದೆ. ಗಿರಾಕಿ ಹೇಳಿದ್ದು ಸರಿ. ತೋಳಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಆ ಸೀರೆ ಅವರು ನೇಯ್ದದ್ದು.